ಕಾಫಿ ಕಟ್ಟಿಸಿದ ಹೋಟೆಲಿನ ಇಸ್ತ್ರಿ ಕೋಣೆ

ಶ್ರೀಲಂಕಾಕ್ಕೆ ಹೋಗಿ ಬಂದೆವು ಎಂದ ಕೂಡಲೇ ನಮ್ಮ ಕಡೆಯವರು ಕೇಳುವುದು ಒಂದೇ: ಅಶೋಕವನ ನೋಡಿದಿರಾ, ಸಮುದ್ರ ಹೇಗಿತ್ತು, ಆನೆ ಮರಿಗೆ ಹಾಲು ಕುಡಿಸಿದಿರಾ? ನಾನು ನೋಡಿದ್ದು ಬಚ್ಚಲುಮನೆ. ಒಂದಲ್ಲ, ಹನ್ನೊಂದು. ಯಾವುದರ ನಲ್ಲಿ ಹಿತ್ತಾಳೆ, ಯಾವುದರ ನೆಲ ಜಾರುತ್ತದೆ, ಯಾವುದರಲ್ಲಿ ಬಿಸಿನೀರು ಬರಲು ಎಷ್ಟು ಹೊತ್ತು ಎಂದು ಈಗ ಬೇಕಾದರೂ ಹೇಳಬಲ್ಲೆ. ಹೋಟೆಲಿನ ಹೆಸರು ಮಾತ್ರ ಬರೆಯುವುದಿಲ್ಲ. ನನ್ನಿಂದ ಅವರಿಗೆ ಆದ ಉಪದ್ರ ಸಾಕು.

ಹೊರಡುವ ಮುಂಚೆ, ಸಂಸೆ

ನಮ್ಮ ತೋಟ ಇರುವುದು ಕಳಸದಿಂದ ಸಂಸೆಗೆ ಹೋಗುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ಒಳಕ್ಕೆ. ಮನೆ ಹಳೇ ಬಿಳಿ ದೊರೆಗಳ ಕಾಲದ ಬಂಗಲೆ. ನಮ್ಮ ಮಾವನವರ ತಂದೆ ತೋಟದ ಜೊತೆಗೆ ಕೊಂಡದ್ದು. ಒಂಬತ್ತು ಕೋಣೆ, ಮೂರು ಕಡೆ ಜಗಲಿ, ಅಡುಗೆಮನೆಯಿಂದ ಊಟದ ಮನೆಗೆ ಇಪ್ಪತ್ತಾರು ಹೆಜ್ಜೆ. ಮದುವೆಯಾಗಿ ಬಂದು ಇಪ್ಪತ್ತೊಂಬತ್ತು ವರ್ಷವಾಯಿತು. ಯಾವ ಕಿಟಕಿಯ ಚಿಲಕ ಮಳೆಗಾಲದಲ್ಲಿ ಬಿಗಿಯುತ್ತದೆ, ಯಾವ ಹೆಂಚಿನ ಕೆಳಗೆ ಬಾಲ್ದಿ ಇಡಬೇಕು ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಬಂಗಲೆಯನ್ನು ಹೆರಿಟೇಜ್ ಹೋಟೆಲ್ ಮಾಡಬೇಕು ಎಂದು ಇವರಿಗೆ, ಅಂದರೆ ನನ್ನ ಗಂಡನಿಗೆ, ಹೊಳೆದದ್ದು ಹೋದ ಮಳೆಗಾಲದಲ್ಲಿ. ಮೂಡಿಗೆರೆಯ ಸ್ನೇಹಿತ ಸತೀಶ ಪಾಲುದಾರ. ಜಾಹೀರಾತು ಅವನದು, ಮನೆ ನಮ್ಮದು.

"ಒಂಬತ್ತು ಕೋಣೆನೂ ಗೆಸ್ಟಿಗೆ ಕೊಟ್ರೆ ನಾವೆಲ್ಲಿರೋದು?" ಎಂದೆ.

"ಪಲ್ಪರ್ ಮನೆ ಪಕ್ಕ ರೈಟರ್ ಮನೆ ಖಾಲಿ ಬಿದ್ದಿದೆಯಲ್ಲ ಮಾರಾಯ್ತಿ. ನಮ್ಮಿಬ್ರಿಗೆ ಎಷ್ಟು ಬೇಕು?"

ರೈಟರ್ ಮನೆ ಎಂದರೆ ತೋಟದ ಗುಮಾಸ್ತರು ಇರುತ್ತಿದ್ದ ಮನೆ. ಕೊಯ್ಲಿನ ಕಾಲದಲ್ಲಿ ಪಕ್ಕದ ಪಲ್ಪರಿನಲ್ಲಿ ಕಾಫಿ ಹಣ್ಣು ಸುಲಿದ ಸಿಪ್ಪೆಯ ಹುಳಿ ವಾಸನೆ ನೇರ ಅಡುಗೆಮನೆಗೇ ಬರುತ್ತದೆ.

"ಅಡುಗೆ ಯಾರು? ಹಾಸಿಗೆ ಬದಲಿಸೋದು ಯಾರು?"

"ಜನ ಸಿಗ್ತಾರೆ. ಇಲ್ದಿದ್ರೆ ನೀನಿದ್ದೀಯಲ್ಲ."

ಈ 'ನೀನಿದ್ದೀಯಲ್ಲ' ಎಂಬ ಮಾತಿನ ಮೇಲೇ ನಮ್ಮ ಮನೆ ನಿಂತಿರುವುದು. ಹೋಟೆಲೂ ಅದರ ಮೇಲೇ ನಿಲ್ಲುತ್ತದೆ ಎಂದು ಗೊತ್ತಾಯಿತು. ಕರಾರು ಪತ್ರ ಬರೆದು ಸತೀಶ ಕಾಯುತ್ತಿದ್ದ. ಸಹಿ ಹಾಕುವ ಮುಂಚೆ ನಿಜವಾದ ಹಳೇ ಕಾಲದ ದೊಡ್ಡ ಹೋಟೆಲು ಹೇಗೆ ನಡೆಯುತ್ತದೆ ಎಂದು ಒಂದು ಸಲ ಕಣ್ಣಾರೆ ನೋಡಬೇಕು ಎಂದು ಇವರ ಹಟ. ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಂದಿರಲಿಲ್ಲ. ತೋಟದವರಿಗೆ ವರ್ಷದಲ್ಲಿ ಉಸಿರು ಬಿಡಲು ಸಿಗುವುದು ಆ ಎರಡು ವಾರ ಮಾತ್ರ. ಮೇಸ್ತ್ರಿಗೆ ನಾಯಿಗಳ ಊಟ ವಹಿಸಿ ಹೊರಟೆವು. ತಂಗಿ ಫೋನಿನಲ್ಲಿ, "ಮೂವತ್ತನೇ ವರ್ಷಕ್ಕೆ ಭಾವ ಫಾರಿನ್ನಿಗೆ ಕರ್ಕೊಂಡ್ ಹೋಗ್ತಿದ್ದಾರೆ, ಪುಣ್ಯ ಮಾಡಿದ್ದೀಯ ಕಣೇ" ಎಂದಳು. ನಾನು ಹೂಂ ಎಂದೆ. ಬಚ್ಚಲುಮನೆ ಅಳೆಯಲು ಹೋಗುತ್ತಿದ್ದೇವೆ ಎಂದು ಹೇಗೆ ಹೇಳಲಿ?

ಬೆಂಗಳೂರು ವಿಮಾನ ನಿಲ್ದಾಣ

ಇವರ ಕೈಚೀಲದಲ್ಲಿ ಗುಂಡಿ ಅಳೆಯುವ ಉಕ್ಕಿನ ಟೇಪು ಇತ್ತು. ಹೊಸ ಗಿಡ ನೆಡುವಾಗ ಸಾಲು ಹಿಡಿಯಲು ಇಟ್ಟುಕೊಂಡದ್ದು, ಚರ್ಮದ ಡಬ್ಬಿ, ತಿರುಗಿಸುವ ಹಿಡಿ. ತಪಾಸಣೆಯವನು ಅದನ್ನು ಎತ್ತಿ ಹಿಡಿದು, ಎಳೆದ. ಅದು ಬರುತ್ತಲೇ ಇತ್ತು. ಹಿಂದಿನ ಸಾಲಿನಲ್ಲಿದ್ದವರೆಲ್ಲ ನೋಡಿದರು.

"ಸರ್, ಇದು ಎಷ್ಟುದ್ದ ಇದೆ?"

"ನೂರಡಿ. ಅರ್ಧಂಬರ್ಧ ಎಳೀಬೇಡಿ, ಒಳಗೆ ಸಿಕ್ಕಾಕ್ಕೊಳ್ತದೆ," ಎಂದರು ಇವರು, ಅವನಿಗೇ ಬುದ್ಧಿ ಹೇಳುವವರ ಹಾಗೆ.

ಟೇಪು ಅಲ್ಲೇ ಉಳಿಯಿತು. ವಿಮಾನ ಹತ್ತಿ ಇಳಿಯುವವರೆಗೂ ಇವರಿಗೆ ಅದೇ ಚಿಂತೆ. ನನಗೂ ಚಿಂತೆಯಿತ್ತು, ಇನ್ನು ಅಳೆಯುವುದಿಲ್ಲವಲ್ಲ ಎಂದು ಸಮಾಧಾನವೂ ಆಗಿತ್ತು. ಆ ಸಮಾಧಾನ ಒಂದು ದಿನವೂ ಬಾಳಲಿಲ್ಲ.

ಘಟ್ಟ ಹತ್ತುವಾಗ

ಕೊಲಂಬೊದಿಂದ ವ್ಯಾನಿನಲ್ಲಿ ಮೇಲೆ ಮೇಲೆ. ತಿರುವುಗಳು ನಮ್ಮ ಚಾರ್ಮಾಡಿಯದೇ ಅಕ್ಕತಂಗಿ. ಆದರೆ ಗುಡ್ಡ ನೋಡಿದರೆ ಕಣ್ಣಿಗೆ ಒಗ್ಗಲಿಲ್ಲ. ಎಲ್ಲಿ ನೋಡಿದರೂ ಬಾಚಣಿಗೆಯಲ್ಲಿ ಬಾಚಿದ ಹಾಗೆ ಟೀ. ನೆರಳಿಗೆ ಅಲ್ಲೊಂದು ಇಲ್ಲೊಂದು ಕಡ್ಡಿಯಂಥ ಮರ. ನಮ್ಮಲ್ಲಿ ತೋಟ ಎಂದರೆ ಹೊರಗಿನವನು ಕಾಡು ಎಂದುಕೊಳ್ಳಬೇಕು. ಅತ್ತಿ, ಹಲಸು, ನಂದಿ, ಅದರ ಮೇಲೆ ಮೆಣಸು, ಅದರ ಕೆಳಗೆ ಕಾಫಿ. ಇಲ್ಲಿ ಗುಡ್ಡ ಬತ್ತಲೆ ನಿಂತಿದೆ ಅನ್ನಿಸಿತು. ನಮ್ಮ ಮೂಡಿಗೆರೆ ಕಡೆಯ ದೇವರಮನೆ ಬೆಟ್ಟದ ಹುಲ್ಲುಗುಡ್ಡವೂ ಬೋಳೇ, ಆದರೆ ಅದು ಹುಟ್ಟಿನಿಂದ ಹಾಗೆ. ಇದು ಬೋಳಿಸಿದ್ದು.

ಡ್ರೈವರಿಗೆ ಅದನ್ನೇ ಹೇಳಿದೆ, ನನಗೆ ಬರುವ ಇಂಗ್ಲಿಷಿನಲ್ಲಿ. ಅವನು ನಗುತ್ತಾ, "ಮೇಡಂ, ಟೀಗಿಂತ ಮುಂಚೆ ಇಲ್ಲೆಲ್ಲ ಕಾಫಿ ಇತ್ತಂತೆ. ನಿಮ್ಮ ಹೋಟೆಲು ಕಟ್ಟಿಸಿದ್ದೂ ಕಾಫಿ ದೊರೆಯೇ," ಎಂದ.

ಇವರು ಎದ್ದು ಕೂತರು. "ನೋಡ್ದ್ಯಾ? ಕಾಫಿ ತೋಟದ ಬಂಗಲೆ, ಆಮೇಲೆ ಹೋಟೆಲು! ನಮ್ದೇ ಕತೆ ಕಣೇ!"

ನಮ್ಮದೇ ಕತೆ ಎಂಬುದು ಇವರಿಗೆ ಶುಭಶಕುನ.

ಹೋಟೆಲು, ಮೊದಲ ಸಂಜೆ

ಕಟ್ಟಡ ಭರ್ಜರಿಯೇ. ಸುಳ್ಳು ಹೇಳಬಾರದು. ಎರಡು ರೆಕ್ಕೆ ಚಾಚಿದ ಹಾಗೆ, ಮುಂದೆ ಕೆತ್ತನೆಯ ಕಂಬ, ಒಳಗೆ ಕಾಲಿಟ್ಟರೆ ಮೇಣ ತಿಕ್ಕಿದ ಮರದ ವಾಸನೆ. ಅಷ್ಟು ಮರವನ್ನು ದಿನಾ ಒರೆಸುವವರು ಎಷ್ಟು ಜನ ಎಂದು ನನಗೆ ಮೊದಲು ಅನ್ನಿಸಿದ್ದು. ಕಿಟಕಿಯ ಗಾಜು ಎಣಿಸಿದೆ, ಒಂದು ಗೋಡೆಗೆ ಅರವತ್ತಾದ ಮೇಲೆ ಬಿಟ್ಟೆ.

ಅಲ್ಲಿ ಒಂದು ನಿಯಮ. ಕೋಟು, ಟೈ ಇಲ್ಲದ ಗಂಡಸನ್ನು ರಾತ್ರಿಯ ಊಟದ ಮನೆಗೆ ಬಿಡುವುದಿಲ್ಲ. ತರದವರಿಗೆ ಬಾಗಿಲ ಬಳಿ ಒಂದು ಬೀರು, ಅದರೊಳಗೆ ಸಾಲಾಗಿ ಕಡ ಕೊಡುವ ಕೋಟುಗಳು. ಇವರಿಗೆ ಸಿಕ್ಕಿದ್ದು ಎರಡು ಆಳಿನದು. ಕೈ ಎಲ್ಲಿ ಮುಗಿಯುತ್ತದೆ, ತೋಳು ಎಲ್ಲಿ ಶುರುವಾಗುತ್ತದೆ ಗೊತ್ತಾಗದೆ ಸೂಪಿನ ತಟ್ಟೆಗೆ ತೋಳು ಅದ್ದಿದರು. ಸೀರೆ ಉಟ್ಟ ನನ್ನನ್ನು ಯಾರೂ ಏನೂ ಕೇಳಲಿಲ್ಲ.

"ನಮ್ಮಲ್ಲೂ ಕೋಟಿನ ನಿಯಮ ಇಡಬೇಕು. ಒಂದು ಗತ್ತು ಬರ್ತದೆ," ಎಂದರು, ತೋಳು ಹಿಂಡುತ್ತಾ.

"ಆಷಾಢದಲ್ಲಿ ನಿಮ್ಮ ಒಂದು ಬನಿಯನ್ ಒಣಗೋಕೆ ಮೂರು ದಿನ ಬೇಕು. ಅಷ್ಟೂ ಕೋಟು ಒಣಗಿಸೋರು ಯಾರು?"

"ನೀ..." ಎಂದು ಬಾಯಿ ತೆರೆದವರು ನನ್ನ ಮುಖ ನೋಡಿ ಬ್ರೆಡ್ಡಿಗೆ ಬೆಣ್ಣೆ ಹಚ್ಚತೊಡಗಿದರು.

ಊಟವಾದ ಮೇಲೆ ಕಾಫಿ ಕೇಳಿದೆ. ಪಟ್ಟಿಯಲ್ಲಿ ಟೀ ಎಂಟು ಬಗೆಯದಿತ್ತು, ಯಾವ ಗುಡ್ಡದ ಎಲೆ, ಯಾವ ಎತ್ತರದ ಎಲೆ ಎಂದೆಲ್ಲ ಬರೆದಿತ್ತು. ಕಾಫಿಗೆ ಒಂದೇ ಸಾಲು. ಬಂದದ್ದು ಬೆಳ್ಳಿಯ ತಟ್ಟೆಯಲ್ಲಿ ಬಿಸಿನೀರು, ಪಕ್ಕದಲ್ಲಿ ಪುಡಿಯ ಪೊಟ್ಟಣ. ಕಾಫಿ ದೊರೆ ಕಟ್ಟಿಸಿದ ಮನೆಯಲ್ಲಿ ಪೊಟ್ಟಣದ ಕಾಫಿ! ಅದನ್ನು ಹರಿಯಲೂ ಬರಲಿಲ್ಲ, ಕೊನೆಗೆ ಹಲ್ಲಿನಲ್ಲಿ ಕಚ್ಚಿದೆ. ಎದುರು ಮೇಜಿನ ಹೆಂಗಸು ಕತ್ತು ತಿರುಗಿಸಿಕೊಂಡಳು.

ಎರಡನೇ ದಿನ, ಬೆಳಿಗ್ಗೆ

ತಿಂಡಿಗೆ ಮುಂಚೆಯೇ ಇವರು ಹೌಸ್‌ಕೀಪಿಂಗಿನವರನ್ನು ಒಲಿಸಿಕೊಂಡು ಖಾಲಿ ಕೋಣೆಗಳನ್ನು ತೋರಿಸಲು ಒಪ್ಪಿಸಿದ್ದರು. ಟೇಪು ಇಲ್ಲವಲ್ಲ ಎಂದು ನಾನು ನೆಮ್ಮದಿಯಿಂದ ತಲೆ ಬಾಚುತ್ತಿದ್ದರೆ, ಇವರು ನನ್ನ ಪೆಟ್ಟಿಗೆಯಿಂದ ಹಸಿರು ಮೈಸೂರು ಕ್ರೇಪ್ ಸೀರೆ ತೆಗೆದು ಅಂಚಿಗೆ ಗಂಟು ಹಾಕುತ್ತಾ ಕೂತಿದ್ದರು.

"ಅಯ್ಯೋ, ಅದೇನ್ರೀ ಅದು?"

"ಸೀರೆ ಐದೂವರೆ ಮೀಟ್ರು. ಅರ್ಧರ್ಧ ಮೀಟ್ರಿಗೆ ಒಂದು ಗಂಟು. ಹೇಗೆ?"

ಹೀಗೆ ಹನ್ನೊಂದು ಬಚ್ಚಲು. ನಾನು ಗೋಡೆಯ ಬುಡದಲ್ಲಿ ಸೆರಗು ಒತ್ತಿ ಹಿಡಿದು ಕೂರುವುದು, ಇವರು ಆ ತುದಿ ಎಳೆದುಕೊಂಡು ಹೋಗಿ ಗಂಟು ಎಣಿಸುವುದು. ಕೋಣೆ ತೋರಿಸಲು ಬಂದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಆ ಸೀರೆ ನಾನು ದೊಡ್ಡ ಮದುವೆಗಳಿಗೆ ಮಾತ್ರ ಉಡುವುದು.

ಹತ್ತು ಗಂಟೆಗೆ ಹೋಟೆಲಿನ ಚರಿತ್ರೆ ಹೇಳುವ ಸುತ್ತಾಟ. ಕರೆದೊಯ್ಯುವವರು ಪಿಯದಾಸ ಎಂಬ ಹಿರಿಯರು. ಊಟದ ಮನೆಯ ಮುಖ್ಯಸ್ಥರಾಗಿದ್ದು ನಿವೃತ್ತರಾದವರು, ಬಿಳಿ ಪಂಚೆಯ ಮೇಲೆ ಕರಿ ಕೋಟು, ಮಾತು ಮೆಲ್ಲಗೆ. ಇಂಗ್ಲಿಷನ್ನು ನಿಧಾನವಾಗಿ ಆಡುತ್ತಿದ್ದರಿಂದ ನನಗೂ ತಿಳಿಯುತ್ತಿತ್ತು.

ಮೆಟ್ಟಿಲ ಮೇಲೆ ಆಳೆತ್ತರದ ಚಿತ್ರ. ಮೀಸೆ, ಬಂದೂಕು, ಕಾಲ ಬಳಿ ನಾಯಿ. ಅವನೇ ಸ್ಥಾಪಕ ದೊರೆ. ಕಾಫಿ ಬೆಳೆದು ಶ್ರೀಮಂತನಾಗಿ ಈ ಮನೆ ಕಟ್ಟಿಸಿದ. ಆಮೇಲೆ ನೂರು ಜನ ಕುಣಿಯುವಂಥ ನೃತ್ಯದ ಹಜಾರ ಕಟ್ಟಿಸಲು ಹೊರಟ. ಹಲಗೆ ಹಾಸುತ್ತಿದ್ದಾಗಲೇ ಕಾಫಿ ಗಿಡಕ್ಕೆ ತುಕ್ಕು ರೋಗ ಬಂತು. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ, ಎಲೆ ಉದುರಿ ಗಿಡ ಬರೀ ಕಡ್ಡಿ. ಸುತ್ತಲಿನ ತೋಟದವರು ಒಬ್ಬೊಬ್ಬರಾಗಿ ಮನೆ ಬಿಟ್ಟು ಹೋದರು. ನೃತ್ಯದ ಹಜಾರಕ್ಕೆ ಬರಲು ಯಾರೂ ಉಳಿಯಲಿಲ್ಲ.

"ಆಗ ದೊರೆ ಈ ಮನೆಯನ್ನು ಹೋಟೆಲಾಗಿ ಮಾಡಿದರು," ಎಂದರು ಪಿಯದಾಸ. "ಸಮುದ್ರದ ಕಡೆಯ ಸೆಖೆ ತಾಳಲಾರದವರು ಬಂದು ತಿಂಗಳುಗಟ್ಟಲೆ ಇರುತ್ತಿದ್ದರು."

"ಬುದ್ಧಿವಂತ," ಎಂದರು ಇವರು.

ನಾನು ಕೇಳಿದೆ: "ಅಡುಗೆ ಯಾರು ಮಾಡುತ್ತಿದ್ದರು?"

ಪಿಯದಾಸ ನನ್ನ ಕಡೆ ತಿರುಗಿದರು. "ಅವರ ಹೆಂಡತಿ, ಮೇಡಂ. ಮೊದಲ ವರ್ಷಗಳಲ್ಲಿ ಎಲ್ಲ ಅವರೇ. ದೊರೆ ಅತಿಥಿಗಳನ್ನು ಬೇಟೆಗೆ ಕರೆದುಕೊಂಡು ಹೋಗುತ್ತಿದ್ದರು."

"ಅವರ ಚಿತ್ರ ಎಲ್ಲಿದೆ?"

"ಚಿತ್ರ ಇಲ್ಲ. ಒಂದು ಅಡುಗೆಯ ಪುಸ್ತಕ ಇದೆ, ಅವರ ಕೈಬರಹ." ಗಾಜಿನ ಪೆಟ್ಟಿಗೆಯಲ್ಲಿ ಹಳದಿ ಹಾಳೆ ತೋರಿಸಿದರು. ಯಾವ ದಿನ ಎಷ್ಟು ಜನ, ಎಷ್ಟು ಕೋಳಿ, ಯಾರಿಗೆ ಮೊಟ್ಟೆ ಆಗುವುದಿಲ್ಲ ಎಂದು ಪುಟ್ಟ ಅಕ್ಷರದಲ್ಲಿ ಬರೆದಿತ್ತು. ನಮ್ಮ ಮನೆಯ ಕ್ಯಾಲೆಂಡರಿನ ಮೇಲೆ ನಾನು ಹಾಗೇ ಬರೆಯುತ್ತೇನೆ. ಹಾಲು ಎಷ್ಟು, ಯಾರು ಬಂದರು, ಯಾವ ಆಳಿಗೆ ಜ್ವರ. ಮುಂದೆ ನಡೆದವರು ಮತ್ತೆ ನನ್ನನ್ನು ಕರೆಯಬೇಕಾಯಿತು.

ಕಾಫಿ ಗಿಡದ ಬಳಿ

ಸುತ್ತಾಟ ಮುಗಿದ ಮೇಲೆ ಇವರು ಬಾಯ್ಲರ್ ನೋಡಲು ಹೋದರು. "ಐದು ನಿಮಿಷ, ಇಲ್ಲೇ ಇರು," ಎಂದರು. ಇವರ ಐದು ನಿಮಿಷ ಎಂದರೆ ನನಗೆ ಗೊತ್ತು, ನಾನು ಹಿಂದಿನ ಅಂಗಳದಲ್ಲಿ ನಿಂತೆ.

ಅಲ್ಲಿ ಸುತ್ತ ಸರಪಳಿ ಕಟ್ಟಿದ ಒಂದು ಕಾಫಿ ಗಿಡ. ಮುಂದೆ ಹಿತ್ತಾಳೆಯ ಫಲಕ: ಹೋಟೆಲು ಆರಂಭವಾದ ಕಾಲದ ಗಿಡದ ಸಂತತಿ, ಮುಟ್ಟಬಾರದು. ಆದರೆ ಅದರ ಅವಸ್ಥೆ! ಬೊಡ್ಡೆಯಿಂದ ನೆಟ್ಟಗೆ ಎದ್ದ ಬೇಡದ ಚಿಗುರು, ಒಂದರ ಮೇಲೊಂದು, ಪೊರಕೆಯ ಹಾಗೆ. ಈ ಚಿಗುರುಗಳು ಹಣ್ಣು ಬಿಡುವುದಿಲ್ಲ, ಬಿಡುವ ರೆಂಬೆಗಳ ಸಾರ ಹೀರುತ್ತವೆ. ನಮ್ಮಲ್ಲಿ ಯಾವ ಗಿಡಕ್ಕೂ ಈ ಗತಿ ಬರಲು ಬಿಡುವುದಿಲ್ಲ. ದಾರಿಯಲ್ಲಿ ನಡೆಯುತ್ತಾ, ಮಾತಾಡುತ್ತಾ, ಜಗಳವಾಡುತ್ತಾ ಕೂಡ ಕೈ ತಾನಾಗಿ ಒಂದು ಚಿಗುರು ಮುರಿದು ಹಾಕಿರುತ್ತದೆ. ನೆಂಟರ ತೋಟಕ್ಕೆ ಊಟಕ್ಕೆ ಹೋದಾಗಲೂ ಹಾಗೇ.

ಒಂದು ಮುರಿದೆ. ಪಕ್ಕದ್ದು ಇನ್ನೂ ಉದ್ದ ಕಾಣಿಸಿತು. ಸರಪಳಿಯ ಕೆಳಗೆ ನುಸುಳಿ ಒಳಗೆ ಹೋದದ್ದು ನೆನಪಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗಿನಿಂದ ಶುರು ಮಾಡಿದೆ. ಟಕ್, ಟಕ್. ಎರಡು ದಿನದಿಂದ ಕೂಡಿಟ್ಟ ಕಿರಿಕಿರಿಯೆಲ್ಲ ಹೆಬ್ಬೆರಳಿಗೆ ಇಳಿದು ಬಂತು. ಹಿತ್ತಾಳೆ ನಲ್ಲಿಗೆ ಒಂದು, ಎರಡು ಆಳಿನ ಕೋಟಿಗೆ ಒಂದು, ರೈಟರ್ ಮನೆಗೆ ನಾಲ್ಕು. ತಲೆ ಎತ್ತಿ ನೋಡಿದರೆ ಸುತ್ತ ಹತ್ತು ಹನ್ನೆರಡು ಬಿಳಿ ಪ್ರವಾಸಿಗರು ನಿಂತು ಫೋಟೋ ತೆಗೆಯುತ್ತಿದ್ದಾರೆ. ಇದು ಹೋಟೆಲಿನವರು ಏರ್ಪಡಿಸಿದ ಪ್ರದರ್ಶನ ಎಂದುಕೊಂಡಿದ್ದರು. ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು.

ಆಮೇಲೆ ಕಾವಲಿನವನು ಓಡಿ ಬಂದ. ಅವನ ಹಿಂದೆ ಪಿಯದಾಸ. ನನ್ನ ಕಾಲ ಬಳಿ ಬಿದ್ದ ಹಸಿರು ಗುಡ್ಡೆ ನೋಡಿ ಅವರ ಮುಖ ಸಣ್ಣದಾಯಿತು.

"ಮೇಡಂ, ಇದು ನಮ್ಮ ಚರಿತ್ರೆ."

"ಚರಿತ್ರೆಗೆ ಗಾಳಿ ಬೆಳಕು ಬೇಡವೇ?" ಎಂದುಬಿಟ್ಟೆ. ಹೇಳಿದ ಮೇಲೆ ನಾಚಿಕೆಯಾಯಿತು. "ಕ್ಷಮಿಸಿ. ಇದು ಹಣ್ಣು ಬಿಡುತ್ತದೆಯೇ?"

"ಇಲ್ಲ. ನಾನು ನೋಡಿದ ಹಾಗೆ ಒಂದು ವರ್ಷವೂ ಇಲ್ಲ."

"ಹೇಗೆ ಬಿಡುತ್ತದೆ? ಇಷ್ಟು ವರ್ಷ ಇದನ್ನು ಯಾರೂ ಮುಟ್ಟಲೇ ಇಲ್ಲ."

ಅಷ್ಟರಲ್ಲಿ ಇವರು ಬಾಯ್ಲರಿನ ಕಡೆಯಿಂದ ಬಂದರು. ಗುಂಪು ನೋಡಿದರು, ನನ್ನನ್ನು ನೋಡಿದರು, ಒಂದು ಗಳಿಗೆ ಯಾರೋ ಗೊತ್ತಿಲ್ಲದ ಹೆಂಗಸು ಎಂಬಂತೆ ಆಕಾಶ ನೋಡಿದರು. ಕಾವಲಿನವನು ಬಿಡಲಿಲ್ಲ, ಕೈ ಬೀಸಿ ಕರೆದ.

"ಎಂಥ ಮಾರಾಯ್ತಿ! ಹೊರದೇಶಕ್ಕೆ ಬಂದು ಮರ್ಯಾದೆ ತೆಗೆದ್ಯಲ್ಲ! ಕೈ ಸುಮ್ನಿರೋಲ್ವಾ ನಿಂಗೆ?" ಎಂದು ಬೈಯುತ್ತಲೇ ಸರಪಳಿಯ ಹತ್ತಿರ ಬಂದವರು ಬಗ್ಗಿ ನೋಡಿದರು. "ಹಿಂದ್ಗಡೆ ಒಂದು ಬಿಟ್ಟಿದ್ದೀಯ ನೋಡು." ಕೈ ಚಾಚಿ ಟಕ್ ಎಂದು ಮುರಿದೇಬಿಟ್ಟರು.

ಪಿಯದಾಸರಿಗೆ ಇನ್ನು ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. ನಕ್ಕುಬಿಟ್ಟರು. ಇವರು ಒಂದು ಎಲೆ ತಿರುಗಿಸಿ ಅವರಿಗೆ ತೋರಿಸಿದರು. ಅಡಿಯಲ್ಲಿ ಕಿತ್ತಳೆ ಪುಡಿ. ತುಕ್ಕು. ಈ ಮನೆಯ ಕಾಫಿಯನ್ನು ಮುಗಿಸಿದ ರೋಗ ಸರಪಳಿಯ ಒಳಗೆ ಹಾಯಾಗಿ ಕೂತಿತ್ತು. ಇನ್ನು ಇವರು ಬಿಡುತ್ತಾರೆಯೇ? ತುಕ್ಕಿಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತು ಎಷ್ಟು, ಸುಣ್ಣ ಎಷ್ಟು, ಎಲೆಯ ಅಡಿಗೇ ಸಿಂಪಡಿಸಬೇಕು ಎಂದು ಪಾಠ ಶುರುವಾಯಿತು. ಪಿಯದಾಸ ಜೇಬಿನಿಂದ ಕಾಗದ ತೆಗೆದು ಬರೆದುಕೊಂಡರು. ಮಧ್ಯದಲ್ಲಿ ನನ್ನ ಕೈ ನೋಡಿ, "ಮೇಡಂ, ಒಳಗೆ ತೊಳೆದುಕೊಳ್ಳಿ," ಎಂದು ಹಿಂದಿನ ಒಂದು ಬಾಗಿಲು ತೋರಿಸಿದರು.

ಇಸ್ತ್ರಿ ಕೋಣೆ

ಅದು ಇಸ್ತ್ರಿಯ ಕೋಣೆ. ಒಂದು ಉದ್ದ ಮೇಜು, ಗೋಡೆಯ ತುಂಬಾ ಬಿಳಿ ಬಟ್ಟೆಯ ಅಟ್ಟಿ, ಕಿಟಕಿಗೆ ಎದುರಾಗಿ ಬಾಯ್ಲರಿನ ಗೋಡೆ. ಇಸ್ತ್ರಿ ಹಾಕುತ್ತಿದ್ದವಳು ನನ್ನ ವಯಸ್ಸಿನ ಹೆಂಗಸು, ಪುಷ್ಪಾ. ಟೀ ತೋಟದ ತಮಿಳು ಮನೆಯವಳು. ನಮ್ಮ ತೋಟದ ಆಳುಗಳ ಲೈನು ಮನೆಗಳಲ್ಲಿ ತಮಿಳು ಕುಟುಂಬಗಳಿರುವುದರಿಂದ ನನಗೆ ಆ ಮಾತು ಅಷ್ಟಿಷ್ಟು ಬರುತ್ತದೆ. ಬಾಯಿ ತೆರೆದ ಕೂಡಲೇ ಅವಳು, "ಅಕ್ಕಾ, ಎಲ್ಲಿಂದ ಕಲಿತಿರಿ ಈ ತಮಿಳು? ನಮ್ಮಜ್ಜಿ ಮಾತಾಡಿದ ಹಾಗೇ ಇದೆ!" ಎಂದು ನಕ್ಕಳು. ಕೈಗೆ ಸಾಬೂನು ಕೊಟ್ಟಳು, ಸ್ಟೂಲು ಎಳೆದಳು, ಲೋಟದಲ್ಲಿ ಶುಂಠಿ ಹಾಕಿದ ಟೀ ಕೊಟ್ಟಳು. ಎರಡು ದಿನದಲ್ಲಿ ನನ್ನನ್ನು ಕೂರಿಸಿದ್ದು ಅವಳೊಬ್ಬಳೇ.

"ಇದು ಮೊದಲಿಂದ ಇಸ್ತ್ರಿ ಕೋಣೆಯೇ?" ಎಂದೆ.

"ಇಲ್ಲಕ್ಕಾ. ಇದು ದೊರೆಸಾನಿ ಕೋಣೆ."

ದೊರೆಸಾನಿ ಎಂದರೆ ದೊರೆಯ ಹೆಂಡತಿ. ಪುಷ್ಪಾಳ ಮನೆಯ ಹೆಂಗಸರು ತಲೆಮಾರುಗಳಿಂದ ಇಲ್ಲೇ ಬಟ್ಟೆ ಒಗೆದವರು, ಈ ಮಾತು ಅವರ ಬಾಯಿಂದ ಬಾಯಿಗೆ ಬಂದದ್ದು. ಅತಿಥಿಗಳು ಹೆಚ್ಚಿದ ಹಾಗೆ ದೊರೆಸಾನಿ ತನ್ನ ಕೋಣೆ ಬಿಟ್ಟು ಪಕ್ಕದ್ದಕ್ಕೆ ಹೋದಳು, ಅದೂ ಬೇಕಾದಾಗ ಇನ್ನೂ ಹಿಂದಕ್ಕೆ. ಹಾಗೆ ಸರಿಯುತ್ತಾ ಸರಿಯುತ್ತಾ ಇಲ್ಲಿಗೆ ಬಂದಳು. ದೊರೆ ಸತ್ತ ಮೇಲೆ ಹೋಟೆಲನ್ನು ಕಂಪನಿಯೊಂದು ಕೊಂಡಿತು. ಸಾಯುವ ತನಕ ಈ ಕೋಣೆಯಲ್ಲಿರಬಹುದು ಎಂದು ಅವಳಿಗೆ ಮಾತು ಕೊಟ್ಟರಂತೆ. ಬೆಳಿಗ್ಗೆ ಎದ್ದು ಮುಂದಿನ ಹಜಾರದಲ್ಲಿ ಹೂ ಜೋಡಿಸುವುದು ಅವಳ ಅಭ್ಯಾಸ. ಹೊಸ ಮ್ಯಾನೇಜರು ಒಂದು ದಿನ, ಅತಿಥಿಗಳು ಓಡಾಡುವ ಜಾಗ, ತಾವು ಹಿಂಬಾಗಿಲಿನಿಂದ ಓಡಾಡಿದರೆ ಚೆನ್ನ ಎಂದನಂತೆ.

"ಆಮೇಲೆ?"

"ಆಮೇಲೆ ಏನು? ಹಿಂಬಾಗಿಲಿನಿಂದಲೇ ಓಡಾಡಿದಳು." ಪುಷ್ಪಾ ದಿಂಬಿನ ಚೀಲ ಮಡಿಸಿ ಅಟ್ಟಿಗೆ ಸೇರಿಸಿದಳು. "ಪಿಯದಾಸ ಅಯ್ಯಾ ಇದನ್ನು ಗೆಸ್ಟಿಗೆ ಹೇಳಲ್ಲ. ಹೇಳಬಾರದಂತೆ."

ನನ್ನ ಕೈಯಲ್ಲಿ ಟೀ ಲೋಟ ಹಾಗೇ ಇತ್ತು. ಆಗ ಇವರು ನನ್ನನ್ನು ಹುಡುಕಿಕೊಂಡು ಬಂದರು, ಹೆಗಲ ಮೇಲೆ ಗಂಟು ಗಂಟಿನ ಹಸಿರು ಸೀರೆ. ಪುಷ್ಪಾ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ. ಇವರು ಕೇಳಿದರು, ಪಾಪ, ಪಾಪ ಎಂದರು. ಆಮೇಲೆ ಕೋಣೆಯ ಉದ್ದಗಲ ಕಣ್ಣಿನಲ್ಲೇ ಅಳೆದು, ನನಗೆ ಸಮಾಧಾನ ಹೇಳುವ ದನಿಯಲ್ಲಿ ಅಂದರು:

"ನಮ್ಮ ರೈಟರ್ ಮನೆ ಇದಕ್ಕಿಂತ ಎಷ್ಟೋ ದೊಡ್ಡದು ಕಣೇ. ಕಿಟಕಿನೂ ಎರಡಿದೆ."

ನಾನು ಮನೆಯಲ್ಲಿ ದನಿ ಎತ್ತುವವಳಲ್ಲ. ಅಲ್ಲಿಯೂ ಎತ್ತಲಿಲ್ಲ. ಲೋಟ ಕೆಳಗಿಟ್ಟೆ.

"ಹೌದಾ? ಹಾಗಾದ್ರೆ ನೀವೇ ಹೋಗಿ ಇರಿ ಅಲ್ಲಿ."

"ನಾನಾ?"

"ನೀವೇ. ಸತೀಶನ್ನೂ ಕರ್ಕೊಳ್ಳಿ. ಎರಡು ಕಿಟಕಿ, ಒಬ್ಬೊಬ್ರಿಗೆ ಒಂದೊಂದು. ನಾನು ನನ್ನ ಮನೆ ಬಿಟ್ಟು ಬರೋದಿಲ್ಲ."

"ಅಲ್ವೇ, ಇಷ್ಟು ದಿನ ಸುಮ್ನಿದ್ದು... ಮೊದ್ಲೇ ಹೇಳಬಹುದಿತ್ತಲ್ಲ?"

"ನೀವು ಕೇಳಿದ್ರಾ?"

ಇವರು ಬೆರಳು ಮಡಿಸಿ ಲೆಕ್ಕ ಹಾಕಿದರು. ಕೇಳಿದ ದಿನ ಯಾವುದು ಎಂದು ಹುಡುಕುತ್ತಿದ್ದರು ಅಂತ ಕಾಣುತ್ತದೆ. ಸಿಗಲಿಲ್ಲ. ಪುಷ್ಪಾಳಿಗೆ ಕನ್ನಡ ಬರದು. ಆದರೂ ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದುಕೊಂಡು ಅಲ್ಲಾಡದೆ ನಿಂತಿದ್ದಳು. ಕೊನೆಗೆ ಅವಳೇ ಹೋಗಿ ಇವರ ಹೆಗಲಿನಿಂದ ಸೀರೆ ಎಳೆದುಕೊಂಡು, ಒಂದೊಂದೇ ಗಂಟು ಬಿಚ್ಚಿ, ಮೇಜಿನ ಮೇಲೆ ಹಾಸಿ ಇಸ್ತ್ರಿ ಹಾಕತೊಡಗಿದಳು. ಇವರು ಆ ತುದಿ ನೆಲಕ್ಕೆ ತಾಗದ ಹಾಗೆ ಹಿಡಿದುಕೊಂಡು ನಿಂತರು. ಹಿಡಿಯಲು ಯಾರೂ ಹೇಳಿರಲಿಲ್ಲ.

ಇಳಿಯುವ ದಾರಿ

ಮಾರನೆಯ ದಿನ ಕೊಲಂಬೊಗೆ ವಾಪಸು. ಅಷ್ಟೂ ತಿರುವುಗಳಲ್ಲಿ ಇಬ್ಬರೂ ಮಾತಾಡಲಿಲ್ಲ. ಡ್ರೈವರು ಗಾಬರಿಯಾಗಿ ಎರಡು ಸಲ ನಿಲ್ಲಿಸಿ, ಹೊಟ್ಟೆ ತೊಳಸುತ್ತಿದೆಯೇ ಎಂದು ಕೇಳಿದ. ಸಿಟ್ಟಿನಲ್ಲೂ ನನಗೆ ಇನ್ನೊಂದು ಚಿಂತೆ. ಇವರು ಕೆಟ್ಟವರಲ್ಲ. ಹಟ ಹಿಡಿದರೆ ಹಿಡಿದರು, ಆದರೆ ನನ್ನ ತಾಯಿ ಕಾಯಿಲೆಯಿಂದ ಮಲಗಿದಾಗ ಎರಡು ತಿಂಗಳು ಪಥ್ಯದ ಗಂಜಿ ಕಾಯಿಸಿ ಕುಡಿಸಿದವರೂ ಇವರೇ. ಕೇಳಬೇಕು ಎಂಬುದೇ ಹೊಳೆಯದ ಮನುಷ್ಯನ ಮೇಲೆ ಎಷ್ಟೂಂತ ಸಿಟ್ಟು ಮಾಡುವುದು? ಹೊಳೆಯದಿರುವುದೇ ಕೋಪ ಬರಿಸುವ ಸಂಗತಿ ಎಂದು ಮುಂದಿನ ತಿರುವಿನಲ್ಲಿ ಮತ್ತೆ ಅನ್ನಿಸಿತು.

ವಿಮಾನ ನಿಲ್ದಾಣದಲ್ಲಿ ಕೂತಿದ್ದಾಗ ಸತೀಶನ ಫೋನು. ಅವನ ದನಿ ಮೂರು ಕುರ್ಚಿಯಾಚೆಗೂ ಕೇಳುತ್ತದೆ.

"ಹೇಗಿತ್ತು ಮಾರಾಯ? ಸೋಮವಾರ ಪೇಪರ್ ತರ್ಲಾ? ಬಂಗಲೆ ಯಾವಾಗ ಖಾಲಿ ಮಾಡ್ತೀರಿ?"

ಇವರು ನನ್ನ ಕಡೆ ನೋಡಲಿಲ್ಲ. ಎದುರಿನ ಗಾಜಿನಲ್ಲಿ ನಿಂತ ವಿಮಾನ ನೋಡುತ್ತಾ ಇದ್ದರು.

"ಬಂಗಲೆ ಖಾಲಿ ಇಲ್ಲ ಮಾರಾಯ," ಎಂದರು. "ಅದ್ರಲ್ಲಿ ಜನ ಇದ್ದಾರೆ."

"ಯಾರು? ನೆಂಟ್ರು ಬಂದಿದ್ದಾರಾ?"

"ಇಲ್ಲ. ನಾವೇ."

ಸತೀಶ ಸ್ವಲ್ಪ ಹೊತ್ತು ಬೈದ. ಇವರು ಕೇಳಿಸಿಕೊಂಡರು. ಫೋನಿಟ್ಟು ಐದು ನಿಮಿಷವೂ ಆಗಿರಲಿಲ್ಲ, ನನ್ನ ಕಡೆ ವಾಲಿದರು.

"ಹಾಗಾದ್ರೆ ರೈಟರ್ ಮನೆನೇ ಗೆಸ್ಟಿಗೆ ಮಾಡಿದ್ರೆ ಹೇಗೆ? ಎರಡೇ ಕೋಣೆ. ಬೆಳಿಗ್ಗೆ ತಿಂಡಿ ಮಾತ್ರ. ಏನಂತೀಯ?"

ನೋಡಿ, ಈ ಮನುಷ್ಯನ ಜೊತೆ ಇಪ್ಪತ್ತೊಂಬತ್ತು ವರ್ಷ! ಆದರೆ 'ಏನಂತೀಯ' ಎಂಬ ಮಾತು ಕಿವಿಗೆ ಬಿತ್ತು. ಅದಕ್ಕೆ ಉತ್ತರ ಕೊಡದಿದ್ದರೆ ತಪ್ಪಾಗುತ್ತಿತ್ತು.

"ತಿಂಡಿ ಮಾಡೋರು ಯಾರು ಅಂತ ಹೇಳಿ, ಆಮೇಲೆ ಅಂತೀನಿ."

ಹತ್ತಲು ಕರೆ ಬಂತು. ಸಾಲಿನಲ್ಲಿ ನಿಂತರು, ಚೀಲ ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡರು. ವಿಮಾನದ ಬಾಗಿಲಿನ ಹತ್ತಿರ ಹೋದಾಗ, "ನಾನು," ಎಂದರು.

ಮನೆ

ಬಂದು ಹದಿನೆಂಟು ದಿನವಾಯಿತು. ಹೂಮಳೆ ಬಂದು ತೋಟವೆಲ್ಲ ಬಿಳಿಯಾಗಿ, ಆ ಹೂವೂ ಕಂದಿತು. ಅಷ್ಟೂ ದಿನ ನಮ್ಮ ಮನೆಯಲ್ಲಿ ಬೆಳಗಿನ ಅಕ್ಕಿ ರೊಟ್ಟಿ ಇವರದು. ಮೊದಲ ದಿನ ಕುದಿಯುವ ನೀರಿಗೆ ಹಿಟ್ಟು ಹಾಕಿ ಉಕ್ಕರಿಸುವಾಗ ಪಾತ್ರೆಯ ತಳ ಹಿಡಿಸಿದರು. ಎರಡನೇ ದಿನ ಉಪ್ಪು ಮರೆತರು, ಮೂರನೇ ದಿನ ಎರಡು ಸಲ ಹಾಕಿದರು. ಬಾಣಲೆಯಾಗಲಿ, ಚಟ್ನಿಯ ಒರಳಾಗಲಿ ಇದ್ದ ಜಾಗಕ್ಕೆ ಹಿಂದಿರುಗುವುದಿಲ್ಲ. ಅಡುಗೆಮನೆಯ ನೆಲದ ತುಂಬಾ ಅಕ್ಕಿ ಹಿಟ್ಟಿನ ಹೆಜ್ಜೆ. ನನಗೆ ಎದ್ದು ಹೋಗಿ ಸರಿಮಾಡಬೇಕು ಎಂದು ಕೈ ಚಡಪಡಿಸುತ್ತದೆ, ಜಗಲಿಯಲ್ಲಿ ಕಾಲು ಚಾಚಿ ಕೂತು ತಡೆದುಕೊಳ್ಳುತ್ತೇನೆ. ರಜೆಗಿಂತ ಇದೇ ಕಷ್ಟ.

ಸತೀಶ ವಾರಕ್ಕೆರಡು ಸಲ ಮೂಡಿಗೆರೆಯಿಂದ ಬಂದು, ರೈಟರ್ ಮನೆಯ ಹೊಸ ಕರಾರು ಪತ್ರ ಮೇಜಿನ ಮೇಲಿಟ್ಟು, ರೊಟ್ಟಿ ತಿಂದು ಹೋಗುತ್ತಾನೆ. ನಿನ್ನೆ ಹೋಗುವಾಗ ಜಗಲಿಯಲ್ಲಿ ನನ್ನ ಮುಂದೆ ನಿಂತು, "ಅತ್ತಿಗೆ, ಸಹಿ ಯಾವಾಗ ಅಂತ ನೀವಾದ್ರೂ ಹೇಳಿ," ಎಂದ.

ಹೇಳಿದೆ. 

"ರೊಟ್ಟಿ ಗುಂಡಗಾದ ದಿನ."

ಒಳಗಿನಿಂದ ಇವರು ಕೂಗಿದರು, "ಇವತ್ತಿಂದು ಹತ್ತಿರ ಹತ್ತಿರ ಬಂದಿತ್ತಲ್ಲೋ!" ಸತೀಶ ತನ್ನ ಕೈಯಲ್ಲಿದ್ದ ಅರ್ಧ ರೊಟ್ಟಿಯನ್ನು ಎತ್ತಿ ಹಿಡಿದು ಬೆಳಕಿನಲ್ಲಿ ನೋಡಿದ. ಅದನ್ನು ಬಾಯಿಗೆ ಹಾಕಿಕೊಂಡು ಜೀಪು ಹತ್ತಿದ.